ಸೀಳಿದ ಒಂಬತ್ತು ರೋಲುಗಳು

ಮಾರ್ಚ್ ಹನ್ನೊಂದು, ಮಂಗಳವಾರ, ಮಧ್ಯಾಹ್ನ 3.10. ಪ್ಯಾಕೆಟ್ ಮುದ್ರಿಸುವ ಕಾರ್ಖಾನೆಯ ಮ್ಯಾನೇಜರ್ ಬೆವರು ಒರೆಸಿಕೊಳ್ಳುತ್ತ ಠಾಣೆಗೆ ಬಂದರು. ಊಟದ ಬಿಡುವಿನಲ್ಲಿ ಯಾರೋ ಗೋದಾಮಿಗೆ ಹೋಗಿ, ಮಕ್ಕಳ ಗಂಜಿಪುಡಿಯ ಪ್ಯಾಕೆಟ್ಟಿಗೆಂದು ಮುದ್ರಿಸಿಟ್ಟಿದ್ದ ಪ್ಲಾಸ್ಟಿಕ್ ಹಾಳೆಯ ಒಂಬತ್ತು ರೋಲುಗಳನ್ನು ಚಾಕುವಿನಿಂದ ಸೀಳಿ ಹಾಕಿದ್ದರು.

"ಯಾರ ಮೇಲಾದ್ರೂ ಅನುಮಾನ ಇದೆಯಾ?" ಇನ್ಸ್‌ಪೆಕ್ಟರ್ ಕೇಳಿದರು.

"ಪಕ್ಕದ ಕಾರ್ಖಾನೆಯವರದ್ದೇ ಕೆಲಸ ಮೇಡಂ. ನಮ್ಮನ್ನ ಕಂಡ್ರೆ ಅವರಿಗೆ ಹೊಟ್ಟೆಕಿಚ್ಚು."

ಹೊಟ್ಟೆಕಿಚ್ಚಿನ ಮೇಲೆ ಎಫ್ಐಆರ್ ಹಾಕಲಾದೀತೇ? "ಅಪರಿಚಿತ ವ್ಯಕ್ತಿ" ಎಂದೇ ಬರೆಸಿದ ಇನ್ಸ್‌ಪೆಕ್ಟರಮ್ಮ ದಫೇದಾರರನ್ನು ಕರೆದುಕೊಂಡು ಹೊರಟರು. ದಫೇದಾರರಿಗೋ ಹಾಳು ನೆಗಡಿ. ದಾರಿಯುದ್ದಕ್ಕೂ ಮೂಗು ಒರೆಸಿದ್ದೇ ಒರೆಸಿದ್ದು.

4.15ಕ್ಕೆ ಪಂಚನಾಮೆ ಶುರುವಾಯಿತು. ಗೋದಾಮಿನ ಬೀಗ ಒಡೆದಿರಲಿಲ್ಲ. ಅಲ್ಲಿದ್ದ ಗಂಜಿ ಪ್ಯಾಕೆಟ್ಟಿನ ರೋಲುಗಳು ಮೂವತ್ತು. ಸೀಳಿದ್ದು ಒಂಬತ್ತೇ, ಅದೂ ಅಲ್ಲೊಂದು ಇಲ್ಲೊಂದು. ಚೀಟಿ ನೋಡಿದರೆ ಒಂಬತ್ತೂ ಫೆಬ್ರವರಿ ಹದಿನೇಳರ ನಂತರ ಮುದ್ರಣವಾದವು. ಅದಕ್ಕೂ ಹಿಂದಿನದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಹೊಟ್ಟೆಕಿಚ್ಚಿನವನು ತಾರೀಖು ನೋಡಿ ನೋಡಿ ಸೀಳುತ್ತಾನೆಯೇ?

ರೋಲಿನ ಮೇಲೆ ಬಗ್ಗಿದ ಇನ್ಸ್‌ಪೆಕ್ಟರ್ ಮುಖ ಸಿಂಡರಿಸಿದರು. "ಅಬ್ಬಾ! ನೇಲ್ ಪಾಲಿಶ್ ಚೆಲ್ಲಿದ ಹಾಗಿದೆ. ಇದು ಮಕ್ಕಳ ಆಹಾರಕ್ಕಾ?"

"ದಿನವಿಡೀ ಬಣ್ಣದ ಮಧ್ಯೆ ಇರೋ ನಮಗೆ ಗೊತ್ತಾಗಲ್ಲ ಮೇಡಂ. ಅದಕ್ಕೇ ಪ್ರತಿ ರೋಲನ್ನೂ ಮೂಗಿನ ಮೇಷ್ಟ್ರು ನೋಡ್ತಾರೆ," ಎಂದರು ಮ್ಯಾನೇಜರ್.

ಬಣ್ಣ ಸರಿಯಾಗಿ ಒಣಗದಿದ್ದರೆ ಅದರಲ್ಲಿನ ಥಿನ್ನರ್ ಹಾಳೆಯಲ್ಲೇ ಉಳಿದು, ಮೆಲ್ಲಗೆ ಒಳಗಿನ ಪುಡಿಗೆ ಇಳಿಯುತ್ತದೆ. ದಿನಾ ಅದನ್ನೇ ತಿನ್ನುವ ಕೂಸಿನ ಮೈಗೆ ಅದು ಒಳ್ಳೆಯದಲ್ಲ. ಮೇಷ್ಟ್ರು ಪ್ರತಿ ರೋಲಿನಿಂದಲೂ ಒಂದು ತುಂಡು ಕತ್ತರಿಸಿ, ಗಾಜಿನ ಶೀಶೆಯಲ್ಲಿ ಮುಚ್ಚಿ ಬೆಚ್ಚಗಿಟ್ಟು, ಆಮೇಲೆ ಮುಚ್ಚಳ ತೆಗೆದು ಮೂಸುತ್ತಿದ್ದರು. ಮೂವತ್ತೊಂದು ವರ್ಷದ ಕೆಲಸ. ಮೂಗು ಕೆಡಬಾರದೆಂದು ಘಮಘಮ ಸೋಪು ಮುಟ್ಟಿದವರಲ್ಲ, ಹಸಿ ಈರುಳ್ಳಿ ಬಾಯಿಗಿಟ್ಟವರಲ್ಲ.

ಇನ್ಸ್‌ಪೆಕ್ಟರ್ ಮೇಷ್ಟ್ರನ್ನು ಗೋದಾಮಿಗೆ ಕರೆಸಿದರು. "ಇದನ್ನ ಪಾಸ್ ಮಾಡಿದ್ದು ನೀವೇನಾ?"

"ನಾನೇ."

"ವಾಸನೆ ಇಲ್ವಾ?"

ಮೇಷ್ಟ್ರು ಬಗ್ಗಿ ಮೂಸಿದರು. ಆಮೇಲೆ, ಉತ್ತರ ಗೊತ್ತಿಲ್ಲದ ಶಾಲೆಯ ಹುಡುಗನಂತೆ ಇನ್ಸ್‌ಪೆಕ್ಟರರ ಮುಖ ನೋಡಿ, "ಸ್ವಲ್ಪ ಇರಬಹುದು," ಎಂದರು.

ಬುಧವಾರ ಮಧ್ಯಾಹ್ನ 1.30ಕ್ಕೆ ಕ್ಯಾಂಟೀನಿನ ಅಕ್ಕನ ಹೇಳಿಕೆ.

"ನಿನ್ನೆ ಮೇಷ್ಟ್ರು ಊಟಕ್ಕೆ ಬಂದಿದ್ರಾ?"

"ಬಂದ್ರು, ಅರ್ಧಕ್ಕೇ ಎದ್ದು ಹೋದ್ರು. ಈಗೀಗ ಊಟಾನೇ ಸೇರಲ್ಲ, ಪಾಪ. ಹಸಿ ಈರುಳ್ಳಿ ಕೊಟ್ರೆ ಮಾತ್ರ ನಾಲ್ಕು ತುತ್ತು."

"ಈರುಳ್ಳಿನಾ? ಯಾವಾಗಿಂದ?"

"ಫೆಬ್ರವರಿಯಲ್ಲಿ ಜ್ವರ ಬಂದಿತ್ತಲ್ಲ, ಆಗಿಂದ."

ಪಕ್ಕದಲ್ಲೇ ಊಟಕ್ಕೆ ಕೂತಿದ್ದ ದಫೇದಾರರು ಈರುಳ್ಳಿ ಕಚ್ಚುತ್ತ, "ನನ್ನದೂ ಅದೇ ಪಾಡು ಮೇಡಂ. ಮೂಗು ಕಟ್ಟಿದ್ರೆ ಏನು ತಿಂದ್ರೂ ಮಣ್ಣು ತಿಂದ ಹಾಗೆ. ಇದೊಂದೇ ನಾಲಿಗೆಗೆ ಚುರುಕ್ ಅನ್ನೋದು..." ಎಂದವರು ಅಲ್ಲೇ ನಿಲ್ಲಿಸಿಬಿಟ್ಟರು.

"ದಫೇದಾರ್ರೆ, ನಿಮ್ಮ ನೆಗಡಿಗೆ ಬಹುಮಾನ ಕೊಡಿಸ್ಬೇಕು ಕಣ್ರೀ!" ಎಂದು ಇನ್ಸ್‌ಪೆಕ್ಟರ್ ಎದ್ದರು.

ಮೇಷ್ಟ್ರಿಗೆ ಅಂದು ರಜೆ. ಅವರ ಮನೆ ತಲುಪಿದಾಗ 2.20. ಮಗಳು ಎಂಟು ತಿಂಗಳ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು.

"ಮೇಷ್ಟ್ರೇ, ಮೂಗು ಯಾವಾಗ ಹೋಯ್ತು?"

ಅವರು ಕುರ್ಚಿಯಲ್ಲಿ ಕುಸಿದರು. "ಜ್ವರದ ಜೊತೆಗೇ, ಫೆಬ್ರವರಿ ಹದಿನೇಳಕ್ಕೆ. ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾದೆ. ಅಲ್ಲೀತನಕ ಅಂದಾಜಿನ ಮೇಲೆ ಪಾಸ್ ಮಾಡಿದೆ. ಮೊನ್ನೆ ರಾತ್ರಿ ಮಗಳು ಹೊಸ ಪ್ಯಾಕೆಟ್ ಬಿಚ್ಚಿ ಗಂಜಿ ಮಾಡಿದ್ಲು. ಒಂದು ಚಮಚ ಈ ಕೂಸಿನ ಬಾಯಿಗಿಟ್ಟಾದ್ಮೇಲೆ, 'ಅಪ್ಪಾ, ಏನೋ ಬಣ್ಣದ ವಾಸನೆ' ಅಂದ್ಲು. ನನ್ನ ಜೀವಾನೇ ಹೋಯ್ತು."

"ಮ್ಯಾನೇಜರಿಗೆ ಹೇಳಬಹುದಿತ್ತಲ್ಲ?"

"ಮೂಗಿನ ಮೇಷ್ಟ್ರಿಗೆ ಮೂಗೇ ಇಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?" ಅವರು ಅಳತೊಡಗಿದರು. "ಕೈಗೆ ಸಿಕ್ಕಿದ ಒಂಬತ್ತನ್ನ ಸೀಳಿದೆ. ಹನ್ನೊಂದು ರೋಲು ಆಗಲೇ ಹೊರಗೆ ಹೋಗಿದೆ ಮೇಡಂ. ಅದಕ್ಕೆ ನನ್ನ ಚಾಕು ಎಟುಕಲ್ಲ."

ಇನ್ಸ್‌ಪೆಕ್ಟರ್ ಆಹಾರ ಸುರಕ್ಷತಾ ಅಧಿಕಾರಿಗೆ ಫೋನ್ ಹಚ್ಚಿ ಮೇಷ್ಟ್ರ ಕೈಗೇ ಕೊಟ್ಟರು. ಹನ್ನೊಂದೂ ರೋಲಿನ ನಂಬರನ್ನು ಮೇಷ್ಟ್ರು ಬಾಯಿಪಾಠವಾಗಿ ಒಪ್ಪಿಸಿದರು. 4.40ಕ್ಕೆ ಆ ಪ್ಯಾಕೆಟ್ಟುಗಳನ್ನೆಲ್ಲ ಅಂಗಡಿಗಳಿಂದ ವಾಪಸ್ ತರಿಸುವ ಆದೇಶ ಹೊರಟಿತು. ಬಂಧನದ ಪತ್ರಕ್ಕೆ ಸಹಿಯಾದದ್ದು ಆಮೇಲೆ, ಅದೇ ಮನೆಯಲ್ಲಿ, 5.05ಕ್ಕೆ. "ಆರೋಪಿ ನಾಚಿಕೆಯಿಂದ ತಪ್ಪನ್ನು ಮುಚ್ಚಿಟ್ಟರು. ಮೊಮ್ಮಗಳ ಬಾಯಿಗೆ ಬಿದ್ದ ಚಮಚ ಕಂಡ ಮೇಲೆ ಸುಮ್ಮನಿರಲಾಗಲಿಲ್ಲ," ಎಂದು ಇನ್ಸ್‌ಪೆಕ್ಟರ್ ಕೇಸ್ ಡೈರಿಯಲ್ಲಿ ಬರೆದುಕೊಂಡರು.

ಹೊರಡುವ ಮುಂಚೆ ಮೇಷ್ಟ್ರು ಕೂಸನ್ನು ಎತ್ತಿಕೊಂಡು, ಅದರ ನೆತ್ತಿಗೆ ಮೂಗೊತ್ತಿ ಬಹಳ ಹೊತ್ತು ಉಸಿರೆಳೆದರು.

"ಇವಳ ವಾಸನೆ ಮರೆತೇಹೋಗಿದೆ ಮಗಾ. ಹೇಗಿರುತ್ತೆ, ಹೇಳು."

ಮಗಳು ಬಗ್ಗಿ ಮೂಸಿದಳು. "ಹಾಲಿನ ವಾಸನೆ ಅಪ್ಪಾ. ಆಮೇಲೆ ಎಣ್ಣೇದು. ಕಿವಿ ಹಿಂದೆ ಸ್ವಲ್ಪ ಹುಳಿ ಹುಳಿ," ಎಂದಳು.

"ಹಾಂ, ಹಾಗೇ ಇತ್ತು," ಎಂದು ಮೇಷ್ಟ್ರು ಕೂಸನ್ನು ಅವಳ ಕೈಗೆ ಕೊಟ್ಟು ಜೀಪಿನ ಕಡೆ ನಡೆದರು.