ಸಂಗಾತಿಯ ಅಧ್ಯಾಯ

ಅವನು ಬಾಯಿ ಬಿಡಲಿಲ್ಲ. ಅವಳಿಗೆ ನೋವಾದದ್ದು ಅದಕ್ಕೇ.

ಎಚ್‌ಐವಿ ಇರುವವರನ್ನು ಡಾಕ್ಟರು, ನರ್ಸುಗಳು ಹೇಗೆ ನೋಡಿಕೊಳ್ಳಬೇಕೆಂಬ ಮಾರ್ಗಸೂಚಿ ಬರೆಯಲು ಕೂತ ಸಮಿತಿ ಅದು. ಸಂಗಾತಿಗಳ ಅಧ್ಯಾಯ ಬರೆದವಳು ಅವಳು, ಕೌನ್ಸೆಲರ್. ಅವನು ರೋಗಿಗಳ ಪ್ರತಿನಿಧಿ. ತನ್ನ ಕಾಯಿಲೆಯನ್ನು ವೇದಿಕೆ ಹತ್ತಿ ಹೇಳಿಕೊಂಡವನು. ಅವನು ಒಪ್ಪದ ಸಾಲು ಪುಸ್ತಕಕ್ಕೆ ಹೋಗುವಂತಿರಲಿಲ್ಲ.

ಅವಳು ಓದಿದ್ದಳು: ‘ತಪ್ಪದೆ ಮಾತ್ರೆ ತೆಗೆದುಕೊಂಡು, ಪರೀಕ್ಷೆಯಲ್ಲಿ ವೈರಸ್ ಕಾಣದಷ್ಟು ಕಡಿಮೆಯಾಗಿ ಉಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಸಂಗಾತಿಗೆ ಸೋಂಕು ಹರಡುವುದಿಲ್ಲ. ದಾಂಪತ್ಯದಿಂದ ದೂರವಿರಿ ಎಂದು ಅವರಿಗೆ ಹೇಳಬಾರದು.’

“ಇಷ್ಟು ಖಂಡಿತವಾಗಿ ಬೇಡಮ್ಮ,” ಎಂದರು ಹಿರಿಯ ಡಾಕ್ಟರು. “ಇದನ್ನ ಓದಿ ಜನ ಮಾತ್ರೇನೇ ಬಿಟ್ಬಿಟ್ರೆ?”

ಎಲ್ಲರೂ ಅವನತ್ತ ತಿರುಗಿದರು. ಅವನು ಪೆನ್ನಿನ ಕ್ಯಾಪ್ ತೆಗೆದ, ಹಾಕಿದ. “ಟೀ ಆದ್ಮೇಲೆ ಹೇಳ್ತೀನಿ.”

ಕಾರಿಡಾರಿನ ಕಿಟಕಿಯ ಬಳಿ ಅವಳು ಅವನನ್ನು ಹಿಡಿದು ನಿಲ್ಲಿಸಿದಳು. “ನಮ್ಮನ್ನ ಸುಮ್ನೆ ಮುಟ್ಟೋಕೂ ಗ್ಲೌಸ್ ಯಾಕೆ ಅಂತ ಬೆಳಗ್ಗೆ ಡಾಕ್ಟರ ಹತ್ರ ಅಷ್ಟೊಂದು ಜಗಳ ಆಡಿದ್ರಿ. ಈಗ ಬಾಯಿಗೆ ಬೀಗನಾ?”

“ನಿಮ್ಮ ಸಾಲಲ್ಲಿ ತಪ್ಪಿಲ್ಲ.”

“ಮತ್ತೆ?”

ಅವನ ನೋಟ ಅವಳ ಕಣ್ಣಿನವರೆಗೆ ಬಂದು, ಅಲ್ಲಿ ನಿಲ್ಲಲಾರದೆ ಅವಳ ಕೈಯಲ್ಲಿದ್ದ ಟೀ ಕಪ್ಪಿಗೆ ಇಳಿಯಿತು.

“ನನಗೆ ಕಾಯಿಲೆ ಇದೆ, ದೂರ ಇರೋದೇ ಒಳ್ಳೇದು ಅಂತ ನನಗೆ ನಾನೇ ಹೇಳ್ಕೊಂಡು ದಿನ ದೂಡ್ತಿದ್ದೆ. ಈ ಸಾಲಿಗೆ ಹ್ಞೂಂ ಅಂದ್ರೆ ನೆಪಾನೇ ಉಳಿಯಲ್ಲ.”

“ಯಾರಿಂದ ದೂರ?” ಗೊತ್ತಿದ್ದೂ ಕೇಳಿದಳು.

“ಕೌನ್ಸೆಲರ್ ಆಗಿ ಇಷ್ಟೂ ಗೊತ್ತಾಗಲ್ವಾ?”

ಅವಳಿಗೆ ನಗು ಬರಲಿಲ್ಲ. ಪ್ರತಿ ಮಾತನ್ನೂ ಅಳೆದು ತೂಗಿ ಆಡುವವಳು, ಈಗಲೂ ಹಾಗೇ ಆಡಿದಳು.

“ನಮ್ಮಮ್ಮ ನಿಮ್ಮ ಭಾಷಣ ಕೇಳಿದಾರೆ, ಅವರಿಗೆಲ್ಲಾ ಗೊತ್ತು. ನಾನು ನಿಮ್ಮ ವಿಷಯ ಎತ್ತಿದಾಗ ಮುಖ ತಿರುಗಿಸ್ಕೊಂಡು ಕೂತ್ರು. ನಿನ್ನೆ ತಾವಾಗೇ ಕೇಳಿದ್ರು, ‘ಆ ಹುಡುಗ ಹೊತ್ತಿಗೆ ಸರಿಯಾಗಿ ಮಾತ್ರೆ ತಗೋತಾನೇನೇ’ ಅಂತ.”

“ನೀವೇನಂದ್ರಿ?”

“ಮರೆತ್ರೆ ನಾನು ನೆನಪಿಸ್ತೀನಿ ಅಂದೆ.”

ಅವನು ತನ್ನ ಕಪ್ಪನ್ನು ಕಿಟಕಿಯ ಅಂಚಿಗಿಟ್ಟ. “ಭಯ ಆಗುತ್ತೆ.”

“ನನಗೂ,” ಎಂದಳು.

ಒಳಗೆ ಡಾಕ್ಟರು ಕನ್ನಡಕ ಏರಿಸಿದರು. “ಏನಪ್ಪಾ, ಏನು ಹೇಳ್ತೀಯ?”

ಅವನು ಎದ್ದು ನಿಂತ. “ಸಾಲು ಹಾಗೇ ಇರಲಿ ಸರ್. ಮಾತ್ರೆ ಬಿಟ್ರೆ ಏನಾಗುತ್ತೆ ಅಂತ ಅದರ ಕೆಳಗೇ ಬರೀಲಿ.”

“ಎಲ್ಲರ ಪರವಾಗಿ ಹೇಳ್ತಿದ್ದೀಯಾ?”

“ಇಷ್ಟು ದಿನ ಎಲ್ಲರ ಪರವಾಗಿ ಮಾತಾಡ್ದೆ. ಇದೊಂದು ನನ್ನ ಪರವಾಗಿ. ನನಗೆ ಮದುವೆ ಆಗೋದಿದೆ.”

ಡಾಕ್ಟರು ಅವನನ್ನು ನೋಡಿದರು. ಆಮೇಲೆ, ತಲೆ ತಗ್ಗಿಸಿ ಕೂತಿದ್ದ ಅವಳನ್ನು. ಏನೂ ಕೇಳದೆ ಪುಟ ತಿರುವಿದರು.

“ಮುಂದಿನದು ಓದಮ್ಮ.”

ಅವಳು ಓದತೊಡಗಿದ್ದು ಆಗಲೇ ಓದಿ ಮುಗಿಸಿದ್ದ ಅದೇ ಸಾಲನ್ನು. ಯಾರೂ ತಡೆಯಲಿಲ್ಲ.