ಬೆಳ್ಗಡಲ ಓದುಕೂಟಕ್ಕೆ ಬಂದ ಮೂರು ಪುಸ್ತಕಗಳು

ಹಿಂದಕ್ಕೆ, ಕಡಲಿನ ನೀರು ಇನ್ನೂ ಹಾಲಿನ ಬಣ್ಣಕ್ಕಿದ್ದ ಕಾಲದಲ್ಲಿ, ಬೆಳ್ಗಡಲು ಅಂತ ಒಂದು ರಾಜ್ಯವಿತ್ತು. ಅಲ್ಲಿ ಅರಮನೆಗಿಂತ ಓದುಕೂಟಕ್ಕೆ ಮರ್ಯಾದೆ ಹೆಚ್ಚು. ಹುಣ್ಣಿಮೆ ಬಂತೆಂದರೆ ಸಂಜೆಗೇ ರಾಣಿ ಮಾಚಲದೇವಿಯೂ ದೋಣಿ ನಡೆಸುವ ತುಂಗವ್ವನೂ ಒಂದೇ ಜಮಖಾನೆಯ ಮೇಲೆ ಕೂತು, ಈ ತಿಂಗಳು ಯಾವ ಪುಸ್ತಕ ಓದಬೇಕೆಂದು ಆರಿಸುತ್ತಿದ್ದರು. ಹಳೆಯ ಪುರಾಣದ ಬೀಜದಿಂದ ಹೊಸದಾಗಿ ಚಿಗುರಿದ ಕತೆಗಳೆಂದರೆ ಅವರಿಗೆ ಪ್ರಾಣ.

ಆರಿಸುವುದಕ್ಕೊಂದು ಪದ್ಧತಿಯಿತ್ತು. ಓಲೆಗರಿಯ ಪುಸ್ತಕವನ್ನು ಕಣ್ಣಿಗೊತ್ತಿಕೊಳ್ಳುವ ಮೊದಲು ಒಂದಿಷ್ಟು ಓದಿಸಿ ಕೇಳಬೇಕು. ಓದುವವರು ನಡುವೆ ಥಟ್ಟನೆ ನಿಲ್ಲಿಸುತ್ತಾರೆ. ಎಲ್ಲರೂ ಮಾತಿಲ್ಲದೆ ಎದ್ದು ಹೊರಡುತ್ತಾರೆ. ಹೊಸಿಲು ದಾಟುವುದರೊಳಗೆ ಯಾರಾದರೂ ತಿರುಗಿ "ಆಮೇಲೆ?" ಅಂದರೆ ಅದು ಕೂಟದ ಪುಸ್ತಕ. ಯಾರೂ ಅನ್ನದಿದ್ದರೆ ಎಲೆ ಅಡಿಕೆ ಇಟ್ಟು, ಮರ್ಯಾದೆಯಿಂದ ತಂದವರಿಗೇ ವಾಪಸು.

ಓದುವ ಕೆಲಸ ಜಕ್ಕವ್ವನದು. ಅವಳು ಓದಿದರೆ ದೀಪದ ಕುಡಿಯೂ ಅಲ್ಲಾಡುತ್ತಿರಲಿಲ್ಲ. ಅವಳ ತಮ್ಮ ಕೇತ ಮಾತ್ರ ಕಾಲು ನಿಲ್ಲದವನು. ಮಠದಲ್ಲಿ ಮರಳ ಮೇಲೆ ಅಕ್ಷರ ತಿದ್ದುತ್ತಿದ್ದವನು, ಒತ್ತಕ್ಷರ ಶುರುವಾಗುವ ಹೊತ್ತಿಗೆ ಉಪ್ಪು ಹೊರುವ ಎತ್ತುಗಳ ಹಿಂದೆ ಹೊರಟುಬಿಟ್ಟಿದ್ದ. ವರ್ಷಕ್ಕೊಮ್ಮೆ ಬರುವನು, ಅಕ್ಕನ ಕೈಯ ಅನ್ನ ಉಂಡು, ಅವಳು ಓದಿದ್ದಕ್ಕೆ ಹೂಂಗುಟ್ಟಿ, ಮತ್ತೆ ಹೊರಡುವನು.

ಹೀಗಿರಲು ಒಂದು ಹುಣ್ಣಿಮೆಗೆ ಮಸಿಮೋರೆ ಎಂಬ ಮಾಂತ್ರಿಕ ಚಿನ್ನದ ಹಲಗೆಯ ಪುಸ್ತಕ ತಂದ. ಮೊದಲ ಗರಿಯ ತುಂಬ ದೇವರ ಹೆಸರುಗಳು. ಇಷ್ಟು ದೇವರಿರುವ ಪುಸ್ತಕವನ್ನು ಪರೀಕ್ಷೆ ಮಾಡುವುದೇ, ಪಾಪ ಬರುವುದಿಲ್ಲವೇ ಅಂತ ಕೂಟ ಅಳುಕಿತು. ಓದಿಸಿ ಕೇಳದೆ ಒಬ್ಬೊಬ್ಬರಾಗಿ ಕಣ್ಣಿಗೊತ್ತಿಕೊಂಡರು. ಒಳಗಿನ ಗರಿಗಳೆಲ್ಲ ಖಾಲಿಯಿದ್ದವು. ಒತ್ತಿಕೊಂಡವರ ಕಣ್ಣಬೆಳಕು ಒಳಗಿಳಿದು ಅಕ್ಷರವಾಯಿತು. ರಾಣಿ ಕುರುಡಾದಳು, ತುಂಗವ್ವ ಕುರುಡಾದಳು, ಜಕ್ಕವ್ವ ಕುರುಡಾದಳು. ಮಸಿಮೋರೆ ಹೋಗಿ ಸಿಂಹಾಸನದ ಮೇಲೆ ಕೂತ.

ಕೂತವನು ಜಂಬ ಕೊಚ್ಚಿದ. "ನಾನು ಹುಟ್ಟಿದಾಗಿನಿಂದ ಯಾವ ಕತೆಗೂ 'ಆಮೇಲೆ?' ಅಂದವನಲ್ಲ. ನನ್ನ ಬಾಯಲ್ಲಿ ಅದನ್ನು ಅನ್ನಿಸಿದರೆ ಈ ಅಕ್ಷರಗಳೆಲ್ಲ ಹಾರಿಹೋಗಲಿ. ಓದುವುದು ಒಂದೇ ಪುಸ್ತಕ, ಬರುವ ಹುಣ್ಣಿಮೆಯೇ ಗಡುವು. ತಪ್ಪಿದರೆ ಮಸಿ ಒಣಗುತ್ತದೆ, ಆಮೇಲೆ ನಿಮ್ಮ ಕಣ್ಣು ನಿಮ್ಮದಲ್ಲ."

ಕೇತ ಊರಿಗೆ ಬಂದಾಗ ಅಕ್ಕ ತಡವರಿಸುತ್ತ ಅನ್ನ ಬಡಿಸಿದಳು. ಅನ್ನ ಎಲೆಯ ಆಚೆ ಬಿತ್ತು. ಕೇತ ನೆಲದ ಅನ್ನವನ್ನೇ ಬಳಿದು ಉಂಡ. ಕೈ ತೊಳೆದವನೇ ಹೊಸ ಕತೆಗಳು ಬೆಳೆಯುವ ಪುರಾಣಬೆಟ್ಟದ ದಾರಿ ಹಿಡಿದ.

ಬೆಟ್ಟದ ಬುಡದಲ್ಲಿ ಹೊಳೆ. ಹೊಳೆಯಲ್ಲಿ ಒಂದು ಮಕರ. ಅದರ ಬೆನ್ನ ತುಂಬ ಪುಸ್ತಕ. "ಒಂದನ್ನು ಆರಿಸು. ಸರಿಯಾದರೆ ಒಯ್ಯಿ, ತಪ್ಪಾದರೆ ನುಂಗುತ್ತೇನೆ" ಅಂತು.

"ಮಕರಜ್ಜ, ನನಗೆ ಓದು ಅಷ್ಟಕ್ಕಷ್ಟೆ. ನೀನೇ ಓದು, ನಾನು ಹೂಂಗುಟ್ಟುತ್ತೇನೆ" ಅಂದ ಕೇತ.

ಮಕರ ಓದಿತು. ಬರೀ ಯುದ್ಧ, ಬಾಣಕ್ಕೆ ಎದುರು ಬಾಣ. ಕೇತನಿಗೆ ಆಕಳಿಕೆ ಬಂತು. ಇನ್ನೊಂದು ಓದಿತು, ಅದರಲ್ಲಿ ದೇವರು ಬಾಯಿಬಿಟ್ಟರೆ ಬುದ್ಧಿಮಾತು. ಕೇತ ಅಂಗಾತ ಮಲಗಿದ. ಆಮೇಲೆ ಒಂದು ಸಣ್ಣ ಪುಸ್ತಕ ಬಂತು. ನದೀದೇವಿಯನ್ನು ಯುಗಯುಗ ಬೆನ್ನ ಮೇಲೆ ಹೊತ್ತ ಮಕರವೊಂದು, ಒಮ್ಮೆಯೂ ಕತ್ತು ತಿರುಗಿಸಿ ಅವಳ ಮುಖ ನೋಡಲಾಗದ ಕತೆ. ಓದುತ್ತಿದ್ದ ಮಕರ ತಾನೂ ಬೆನ್ನ ಕಡೆಗೆ ಕತ್ತು ತಿರುಗಿಸಲು ನೋಡಿತು. ಕೇತ ಎದ್ದು ಕೂತಿದ್ದ. "ಇದೇ ಅಜ್ಜ" ಅಂದ. ಮಕರ ಅವನನ್ನು ಬೆನ್ನ ಮೇಲೆ ಕೂರಿಸಿಕೊಂಡು ದಾಟಿಸಿತು.

ಬೆಟ್ಟದ ನಡುವಿನಲ್ಲಿ ಗಂಡಭೇರುಂಡ. ಮೈ ಒಂದು, ತಲೆ ಎರಡು, ಗೂಡಿನ ತುಂಬ ಪುಸ್ತಕ. ಪುರಾಣದಲ್ಲಿದ್ದದ್ದು ಎಳ್ಳಷ್ಟೂ ಬದಲಾಗಕೂಡದು ಅಂತ ಎಡದ ತಲೆ. ಹೊಸದಿಲ್ಲದಿದ್ದರೆ ಹಳೆಯದನ್ನೇ ಕೇಳಬಾರದೇ ಅಂತ ಬಲದ ತಲೆ. ಇಬ್ಬರೂ ಒಪ್ಪುವ ಪುಸ್ತಕ ಆರಿಸು, ಇಲ್ಲವಾದರೆ ಕುಕ್ಕುತ್ತೇವೆ ಅಂದವು. ಕೇತ ಅವುಗಳ ಕೈಲೇ ಸರದಿಯ ಮೇಲೆ ಓದಿಸಿದ. ಒಂದು ಓದಿದರೆ ಇನ್ನೊಂದು ಅಣಕಿಸುವುದು. ಕೊನೆಗೆ ಒಂದು ಕತೆ ಬಂತು. ಹಾಲುಗಡಲು ಕಡೆಯುವಾಗ ಹಗ್ಗವಾಗಿದ್ದ ಹಾವು, ಅಮೃತ ಹಂಚಿ ಮುಗಿದ ಮೇಲೆ, ತರಚಿದ ಮೈ ಎಳೆದುಕೊಂಡು ಮನೆಗೆ ಹೋಗುತ್ತದೆ. ಅಪ್ಪನ ಗಾಯ ನೋಡಿದ ಮಗಳು ಒಂದು ಹನಿ ಕೇಳಿಕೊಂಡು ಬರಲು ದೇವಲೋಕಕ್ಕೆ ಹೊರಡುತ್ತಾಳೆ. ಎರಡೂ ತಲೆಗಳು ಒಟ್ಟಿಗೆ ಪುಸ್ತಕದ ಮೇಲೆ ಬಗ್ಗಿದವು. ಕೇತ ಮೆಲ್ಲಗೆ ಕೇಳಿದ, "ಕೊಡ್ತೀರಾ?" ಕೊಡುವುದಕ್ಕೆ ಎರಡಕ್ಕೂ ಮನಸ್ಸಿರಲಿಲ್ಲ. ಆದರೂ ಕೊಟ್ಟವು.

ನೆತ್ತಿಯ ಮೇಲೆ ಹಾಳುಮಂಟಪ. ಅದರ ಕಂಬಕ್ಕೆ ಆತುಕೊಂಡು ಸಿಂಹಮುಖದ ಕಲ್ಲಿನ ಯಾಳಿ, ಕಾಲಬುಡದಲ್ಲಿ ಪುಸ್ತಕದ ರಾಶಿ. ಅದರ ಬಾಯಲ್ಲಿ ಕಲ್ಲಿನ ಗುಂಡು. ಯಾವ ಶಿಲ್ಪಿಯ ಕೈಚಳಕವೋ, ಗುಂಡು ಉರುಳುತ್ತದೆ, ಹೊರಗೆ ಬರುವುದಿಲ್ಲ. ಅದಕ್ಕೇ ಯಾಳಿಗೆ ಮಾತಿಲ್ಲ. ಇಲ್ಲಿ ಓದುವವರು ಯಾರು? ಕೇತನೇ ಓದಬೇಕು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದ. ಒತ್ತಕ್ಷರ ಬಂದಲ್ಲೆಲ್ಲ ಎಡವಿದ, ಬೆವೆತ, ಮತ್ತೆ ಹಿಂದಕ್ಕೆ ಹೋಗಿ ಓದಿದ. ಯಾಳಿ ಉಗುರು ಮಸೆಯುತ್ತಿತ್ತು. ಒಂದು ಪುಸ್ತಕದ ಮೂರನೇ ಗರಿಗೆ ಬರುವಾಗ ಗುಡುಗುಡು ಅಂತು. ತಲೆಯೆತ್ತಿದರೆ ಯಾಳಿಯ ಬಾಯಲ್ಲಿ ಗುಂಡು ಉರುಳುತ್ತಿದೆ. ಓದಿದರೆ ಉರುಳುತ್ತದೆ, ನಿಲ್ಲಿಸಿದರೆ ನಿಲ್ಲುತ್ತದೆ. ಕೇತ ಆ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಇಳಿದ.

ಹುಣ್ಣಿಮೆಯ ಸಂಜೆ ಕೂಟದವರಿಗೆ ಮೂರರಿಂದಲೂ ಒಂದಿಷ್ಟು ಓದಿದ. ಕಣ್ಣಿಲ್ಲದಿದ್ದರೂ ಕೂಟದ ಹುರುಪೇನು ಕಡಿಮೆಯಾಗಿರಲಿಲ್ಲ. ರಾಣಿಗೆ ಮಕರದ ಕತೆಯೇ ಆಗಬೇಕು. ಹಾವಿನ ಮಗಳನ್ನು ಬಿಟ್ಟರೆ ದೋಣಿಯನ್ನೇ ಮುಳುಗಿಸುತ್ತೇನೆ ಅಂದಳು ತುಂಗವ್ವ. ಕೊನೆಗೆ ಜಕ್ಕವ್ವ ಬಾಯಿಬಿಟ್ಟಳು.

"ಮೂರೂ ಬಂಗಾರದಂಥ ಕತೆಗಳು ಕಣೋ ಕೇತ. ಆದರೆ ಕೇಳುವವನು ಯಾರು ಅಂತ ನೋಡು. ಅವನು ಕೂತಿರುವುದು ಇನ್ನೊಬ್ಬರ ಜಾಗದಲ್ಲಿ. ಮೂರನೆಯದನ್ನೇ ಓದು."

"ನನ್ನ ಓದು ಕುಂಟುತ್ತದಲ್ಲಕ್ಕ."

"ಕುಂಟಲಿ ಬಿಡು. ಊರು ಸುತ್ತಿದ ಕಾಲು, ಹೇಗಾದರೂ ಮುಟ್ಟುತ್ತದೆ."

ಸಿಂಹಾಸನದ ಮುಂದೆ ಕೂಟದ ಜಮಖಾನೆ ಹಾಸಿ ಕೂತು ಕೇತ ಓದಿದ. ಸೂರ್ಯನ ಹೆಂಡತಿ ಗಂಡನ ಉರಿ ತಾಳಲಾರದೆ, ತನ್ನ ನೆರಳಿಗೆ ಜೀವ ಕೊಟ್ಟು ಮನೆಯಲ್ಲಿಟ್ಟು ತವರಿಗೆ ಹೋಗಿರುತ್ತಾಳೆ. ನೆರಳು ಅವಳ ಸೀರೆ ಉಡುತ್ತದೆ, ಅವಳ ಮಕ್ಕಳನ್ನು ಮೀಯಿಸುತ್ತದೆ. ಆ ಮನೆಯಲ್ಲಿ ನಗುವುದಕ್ಕೂ ಹೆದರುತ್ತದೆ. ಒಂದು ಬೆಳಿಗ್ಗೆ ಬಾಗಿಲು ಬಡಿದ ಸದ್ದು. ತೆರೆದರೆ ಹೊರಗೆ ನಿಜವಾದ ಹೆಂಡತಿ. ಅವಳು ನೆರಳನ್ನು ತಲೆಯಿಂದ ಕಾಲಿನವರೆಗೆ ನೋಡಿ, ಬಾಯಿ ತೆರೆದಳು. ಕೇತ ಅಷ್ಟಕ್ಕೇ ಗರಿ ಮುಚ್ಚಿ ದಾರ ಸುತ್ತಿದ.

ಎಲ್ಲರೂ ಎದ್ದರು. ಒಬ್ಬರ ಹೆಗಲು ಒಬ್ಬರು ಹಿಡಿದು ಬಾಗಿಲ ಕಡೆ ನಡೆದರು. ಮಸಿಮೋರೆ ತುಟಿ ಕಚ್ಚಿದ. ಸಿಂಹಾಸನದ ತೋಳನ್ನು ಹಿಂಡಿದ. ರಾಣಿ ಹೊಸಿಲು ದಾಟಿದಳು. ತುಂಗವ್ವನೂ ದಾಟಿದಳು. ಜಕ್ಕವ್ವ ಕಾಲೆತ್ತಿದಳು.

"ಆಮೇಲೆ?" ಅಂದ ಮಸಿಮೋರೆ. "ನೆರಳನ್ನು ಹೊರಗೆ ಹಾಕಿದರಾ?"

ಚಿನ್ನದ ಹಲಗೆಗಳು ಬಿರಿದವು. ಅಕ್ಷರಗಳು ಮಿಂಚುಹುಳಗಳ ಹಾಗೆ ಎದ್ದು ಅವರವರ ಕಣ್ಣಿಗೆ ಮರಳಿದವು. ಜಕ್ಕವ್ವ ಮೊದಲು ಕಂಡದ್ದು ಪುಸ್ತಕ ಹಿಡಿದ ತಮ್ಮನನ್ನು. ಬಿಸಿಲಿಗೆ ಕರಕಲಾಗಿದ್ದೀಯಲ್ಲೋ ಅಂತ ಬೈದಳು, ಬೈಯುತ್ತಲೇ ಕೆನ್ನೆ ಸವರಿದಳು.

ಮಸಿಮೋರೆಯ ಮಂತ್ರವೆಲ್ಲ ಇಳಿದುಹೋಗಿತ್ತು. ಓಡಿಹೋಗಬಹುದಿತ್ತು, ಹೋಗಲಿಲ್ಲ. ಕೂಟದವರು ಮರಳಿ ಬಂದು ಕೂತಾಗ, ತಾನೇ ಸಿಂಹಾಸನ ಇಳಿದು ಬಂದು ಜಮಖಾನೆಯ ಅಂಚಿನಲ್ಲಿ ನಿಂತ. ರಾಣಿ ಅವನನ್ನು ನೋಡಿದಳು, ಪುಸ್ತಕವನ್ನು ನೋಡಿದಳು, ಓದು ಅಂತ ಜಕ್ಕವ್ವನಿಗೆ ಸನ್ನೆ ಮಾಡಿದಳು.

"ದೀಪಕ್ಕೆ ಅಡ್ಡ ನಿಂತಿದ್ದೀಯಲ್ಲಪ್ಪ, ಕೂತ್ಕೋ" ಅಂದಳು ತುಂಗವ್ವ.

ಕೂತ. ಜಕ್ಕವ್ವ ಓದಿದಳು. ನಿಜವಾದ ಹೆಂಡತಿ ನೆರಳನ್ನು ಕೇಳಿದ್ದು ಒಂದೇ ಮಾತು, ಉಂಡೆಯಾ ಅಂತ. ಮಸಿಮೋರೆ ಮೊಣಕಾಲಿಗೆ ಮುಖ ಒತ್ತಿಕೊಂಡ, ಕತೆ ಮುಗಿಯುವವರೆಗೂ ಎತ್ತಲಿಲ್ಲ.

ಅಲ್ಲಿಂದ ಮುಂದೆ ಬೆಳ್ಗಡಲಿಗೆ ಯಾವ ಕೇಡೂ ಹಾಯಲಿಲ್ಲ. ಕೇತ ಒತ್ತಕ್ಷರ ಕಲಿಯುವಷ್ಟು ದಿನ ಊರಲ್ಲಿದ್ದು ಮತ್ತೆ ಎತ್ತುಗಳ ಹಿಂದೆ ಹೋದ. ಮುಂದಿನ ಹುಣ್ಣಿಮೆಗೆ ಮಕರದ ಕತೆಯೋ ಹಾವಿನ ಮಗಳ ಕತೆಯೋ ಅಂತ ರಾಣಿಗೂ ತುಂಗವ್ವನಿಗೂ ಜಗಳ ಹತ್ತಿತು. ಆ ರಾಜ್ಯದಲ್ಲಿ ಅದಕ್ಕಿಂತ ದೊಡ್ಡ ಜಗಳ ಇವತ್ತಿಗೂ ಯಾವುದೂ ಇಲ್ಲವಂತೆ.