ಗೀರು ಬೀಳದ ಸೀಡಿ

ಐದು ಸೀಡಿ. ನಾಲ್ಕರ ಬೆನ್ನಿಗೆ ಮೊಳೆಯಿಂದ ಎಳೆದಂಥ ಆಳವಾದ ಗೀರು. ಒಂದಕ್ಕೆ ಮಾತ್ರ ಏನೂ ಆಗಿರಲಿಲ್ಲ.

2003ರ ಮೇ ತಿಂಗಳು. ಶನಿವಾರ, ಬೆಳಗಿನ ಹನ್ನೊಂದು. ಮಿರಜದ ಸಭಾಗೃಹದಲ್ಲಿ ಸಂಜೆ ಆರಕ್ಕೆ ಕರಾವೋಕೆ ಕಾರ್ಯಕ್ರಮ. ಅದನ್ನು ನಡೆಸುವ ಭರತೇಶ ವೇದಿಕೆಯ ಮೆಟ್ಟಿಲ ಮೇಲೆ ತಲೆ ಹಿಡಿದು ಕೂತಿದ್ದ. ಹೆಡ್ ಕಾನ್‌ಸ್ಟೇಬಲ್ ಗೋದಾಬಾಯಿ ಸೀಡಿಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದಳು.

"ಹಾಡಿನ ಸೀಡಿ ಏನಾದ್ವು?"

"ಅವಕ್ಕ ಏನೂ ಆಗಿಲ್ರಿ ಬಾಯಿ. ಎಲ್ಲಾ ಚೊಲೋ ಅದಾವು."

"ಮತ್ತ ಇವು ಎದರವು?"

"ನಡುವಿನವು."

ಭರತೇಶ ಬಿಡಿಸಿ ಹೇಳಿದ. ಕರಾವೋಕೆಯಲ್ಲಿ ವಾದ್ಯದವರಿಲ್ಲ. ವಾದ್ಯವೆಲ್ಲ ಸೀಡಿಯಲ್ಲಿ. ಹಾಡುವ ಹುಚ್ಚಿರುವ ಊರಿನವರು ಒಬ್ಬೊಬ್ಬರಾಗಿ ಬಂದು ಅದರ ಮೇಲೆ ಹಾಡಿ ಹೋಗುತ್ತಾರೆ. ಒಬ್ಬರು ಇಳಿದು ಇನ್ನೊಬ್ಬರು ಏರುವಷ್ಟರಲ್ಲಿ ಒಂದು ನಿಮಿಷ ಖಾಲಿ ಬೀಳುತ್ತದೆ. ಜನ ಎದ್ದು ಮನೆಗೆ ಹೋಗುವುದು ಆ ನಿಮಿಷದಲ್ಲೇ. ಅದನ್ನು ತುಂಬಲು ಸಂಗೀತ ಬೇಕು.

"ಮೊದಲ ಸಿನಿಮಾ ಟ್ಯೂನ್ ಹಾಕಿದೆ. ಜನ ಅದನ್ನ ಗುನುಗುತ್ತ ಕುಂತ್ರು, ಮುಂದ ಬಂದವರ ಹಾಡು ಯಾರೂ ಕೇಳಲಿಲ್ಲ. ಅಂಗಡ್ಯಾಗಿನ ಕೊಳಲಿನ ಕ್ಯಾಸೆಟ್ ಹಾಕಿದೆ. ಯಾರು ತೀರಿಕೊಂಡ್ರು ಅಂತ ಕೇಳಿದ್ರು. ಮಷೀನಿನ ತಾಳ ಹಾಕಿದೆ, ಹುಡುಗ್ರು ವೇದಿಕಿ ಹತ್ತಿ ಕುಣದ್ರು. ಕಡೀಕ ಮಾಧವನಗರಕ್ಕ ಹೋಗಿ ತಮ್ಮಣ್ಣ ಕಾಕಾನ್ನ ಹಿಡದೆ."

ತಮ್ಮಣ್ಣನಿಗೆ ಅರವತ್ತು ದಾಟಿತ್ತು. ಮಾಧವನಗರದ ಗಿರಣಿಯಲ್ಲಿ ಇಪ್ಪತ್ತಾರು ವರ್ಷ ದುಡಿದವನು. ಗಿರಣಿಯವರದೇ ಆರ್ಕೆಸ್ಟ್ರಾದಲ್ಲಿ ಕ್ಲಾರಿಯೋನೆಟ್ ಊದಿದವನು. ಹನ್ನೆರಡು ವರ್ಷದ ಹಿಂದೆ ಗಿರಣಿ ಮುಚ್ಚಿತು. ಹೊಸ ಕಾಲ ಬಂತು ಎಂದು ಪತ್ರಿಕೆಗಳು ಬರೆದವು. ಹೊಸ ಕಾಲ ಬಂದದ್ದು ಕರಾವೋಕೆ ಎಂಬ ಪೆಟ್ಟಿಗೆಯ ರೂಪದಲ್ಲಿ. ಅದು ಹನ್ನೊಂದು ಮಂದಿಯ ಆರ್ಕೆಸ್ಟ್ರಾವನ್ನು ನುಂಗಿ ನೀರು ಕುಡಿಯಿತು. ಹನ್ನೊಂದರಲ್ಲಿ ಉಳಿದವನು ಇವನೊಬ್ಬ. ಅದೂ ಒಂದು ನಿಮಿಷದ ಸಂದಿಯಲ್ಲಿ.

"ಆಂವ ಎಲ್ಲದಾನ?"

"ಫೌಜದಾರ ಸಾಹೇಬ್ರು ಜೀಪಿನ್ಯಾಗ ಕರಕೊಂಡು ಹೋದ್ರು." ಭರತೇಶ ನೆಲ ನೋಡಿದ. "ಮುಂಜಾನೆ ಇಲ್ಲೇ ಇದ್ದ. ನಿನ್ನೆ ಜಗಳಾನೂ ತಗದಿದ್ದ. ಪೋಸ್ಟರ್‌ನ್ಯಾಗ ನನ್ನ ಹೆಸರು ಹಾಕು ಅಂತ."

ತಪ್ಪು ಮಾಡಿದವನು ಯಾರೆಂದು ತಿಳಿಯುವ ಮೊದಲೇ ಬಡವ ಯಾರೆಂದು ಜೀಪಿಗೆ ತಿಳಿದಿರುತ್ತದೆ.

* * *

ಠಾಣೆಯ ಪಡಸಾಲೆಯಲ್ಲಿ ತಮ್ಮಣ್ಣ ನೆಲದ ಮೇಲೆ ಕೂತಿದ್ದ. ಮೇಲಧಿಕಾರಿ ಫೌಜದಾರ ಗೋದಾಬಾಯಿಗೆ ಸಂಜೆ ಐದರ ಗಡುವು ಕೊಟ್ಟಿದ್ದ. ಅಷ್ಟರೊಳಗೆ ಬೇರೆ ಹೆಸರು ಬರದಿದ್ದರೆ ಇವನ ಮೇಲೇ ಕೇಸು.

ಗೋದಾಬಾಯಿ ಕುರ್ಚಿ ಎಳೆದಳು. "ಕುಂದ್ರಿ ಕಾಕಾ."

"ಬ್ಯಾಡವ್ವಾ. ಕುರ್ಚಿ ಕೊಟ್ಟು ಎಬ್ಬಿಸಾವ್ರನ್ನ ಭಾಳ ನೋಡೇನಿ."

"ಹೆಂಗ ತುಂಬಿಸಿದ್ರಿ ಆ ಸೀಡಿ?"

"ನಮ್ಮ ಓಣ್ಯಾಗ ಹಗಲೆಲ್ಲಾ ಪಾವರ್‌ಲೂಮ್ ಬಡೀತಾವು. ಕರೆಂಟ್ ಹೋದಾಗಷ್ಟ ಓಣಿ ಬಾಯಿ ಮುಚ್ಚತೈತಿ. ಆ ಎರಡು ತಾಸಿನ್ಯಾಗ ಸೆಲ್ಲಿನ ಟೇಪ್ ಹಚ್ಚಿ ನುಡಸ್ತಿದ್ದೆ. ಐದು ಸೀಡಿಗೆ ಎಂಟು ತಿಂಗಳು ಹಿಡೀತು."

"ಆ ಟೇಪ್ ಎಲ್ಲೈತಿ?"

"ಅದರ ಮ್ಯಾಲೇ ಮತ್ತ ಮತ್ತ ತುಂಬಿದ್ವಿ. ಭರತೇಶ ಒಂದ ಪ್ರತಿ ಇಟ್ಟಿದ್ದ. ಬ್ಯಾರೇದವ್ರ ಕೈಗೆ ಹೋದೀತಂತ ನನಗೂ ಕೊಟ್ಟಿಲ್ಲ."

"ಸೀಡಿ ಮ್ಯಾಲೆ ಹೆಸರಿಲ್ಲ. ಬರೇ ಕಾಳಿ, ಪಾಂಢರಿ ಅಂತೈತಿ."

"ಹಾರ್ಮೋನಿಯಂ ಪಟ್ಟಿ ಅವ್ವಾ. ಮುಂದ ಹಾಡಾವ್ರು ಯಾ ಪಟ್ಟ್ಯಾಗ ಹಾಡ್ತಾರ, ಅದರಾಗನ ನಂದು ನುಡೀತೈತಿ. ಕಿವಿ ಮೊದಲ ಕುಂಡ್ರತೈತಿ. ಆಮ್ಯಾಲೆ ಬಾಯಿ ತಪ್ಪೂದಿಲ್ಲ."

ಗೋದಾಬಾಯಿಗೆ ಪಟ್ಟಿಗಳು ಗೊತ್ತಿದ್ದವು. ಅವಳು ಓಣಿಯ ಭಜನಾ ಮಂಡಳಿಯಲ್ಲಿ ಹಾಡುವವಳು. ಕಪ್ಪು ಪಟ್ಟಿ ಕಾಳಿ, ಬಿಳಿ ಪಟ್ಟಿ ಪಾಂಢರಿ. ಮುಂದಿನ ಅಂಕಿ ಅದು ಎಷ್ಟನೆಯದೆಂಬುದಕ್ಕೆ, ಪಕ್ಕದ ಪಟ್ಟಿಗೆ ಒಂದು ಮನೆ ದೂರ. ಮಿರಜದಲ್ಲಿ ಹಾಡುವವರು ತಮ್ಮ ಪಟ್ಟಿಯನ್ನು ಮನೆತನದ ಹೆಸರಿನಂತೆ ಹೇಳಿಕೊಳ್ಳುತ್ತಾರೆ. ಅವಳಿಗೆ ಹೊಟ್ಟೆಕಿಚ್ಚೂ ಗೊತ್ತಿತ್ತು. ಹೋದ ಆಷಾಢದಲ್ಲಿ ಮುಂದೆ ನಿಂತು ಹಾಡುವ ಸರದಿ ಕೃಷ್ಣವ್ವನಿಗೆ ಹೋದಾಗ, ಮಂಡಳಿಯ ತಾಳಗಳನ್ನು ಇವಳೇ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಿದ್ದಳು. ಇಂದಿಗೂ ಯಾರಿಗೂ ಹೇಳಿಲ್ಲ.

"ಹೋದ ತಿಂಗಳು ಸಾಂಗಲಿ ಕಾರ್ಯಕ್ರಮದಾಗ ಏನೋ ಆತಂತಲ್ಲ, ಏನದು ಕಾಕಾ?"

ತಮ್ಮಣ್ಣನ ಮೀಸೆ ಸ್ವಲ್ಪ ಅಲುಗಿತು. "ನನ್ನ ನಿಮಿಷಕ್ಕ ಜನ ವನ್ಸ್ ಮೋರ್ ಅಂದ್ರಂತ. ಒಮ್ಮಿ ಅಲ್ಲ, ಮೂರು ಸಲ. ಮೂರು ಮಂದಿ ಹಾಡಾವ್ರು ಮೈಕ್ ಹಿಡಕೊಂಡು ಗೊಂಬಿ ಹಂಗ ನಿಂತಿದ್ರಂತ."

"ನೀವು ನೋಡಲಿಲ್ಲ?"

"ನನ್ನನ್ನ ಯಾರ ಕರೀತಾರವ್ವಾ. ಸೀಡಿ ಬಂದ್ರ ಸಾಕು ಅವರಿಗೆ."

* * *

ಕುಪವಾಡದ ಮಹಾವೀರನದೂ ಕರಾವೋಕೆ ಧಂದೆ. ಭರತೇಶನ ಎದುರಾಳಿ. ಬೆಳಿಗ್ಗೆ ಹತ್ತಕ್ಕೆ ಅವನು ಸಭಾಗೃಹದಲ್ಲಿ ಸುಳಿದಾಡಿದ್ದನ್ನು ಕಾವಲುಗಾರ ನೋಡಿದ್ದ. ಗೋದಾಬಾಯಿ ಅವನ ಅಂಗಡಿಗೆ ಹೋದಳು.

"ಹೌದ್ರಿ, ಹೋಗಿದ್ದೆ," ಎಂದ ಮಹಾವೀರ. "ಎಷ್ಟು ಟಿಕೀಟ್ ಉಳದಾವು ನೋಡಾಕ. ಒಂದೂ ಉಳದಿರಲಿಲ್ಲ. ಹೊಟ್ಟಿ ಉರಕೊಂಡು ಬಂದೆ."

"ಉರಕೊಂಡು ಸೀಡಿ ಗೀರಿದ್ಯಾ?"

"ಬಾಯಿ, ಅವನ ಆಟ ಕೆಡಸೂದಿದ್ರ ಹಾಡಿನ ಸೀಡಿ ಗೀರ್ತಿದ್ದೆ. ನಡುವಿನ ಸೀಡಿ ನನಗೇ ಬೇಕಾಗಿದ್ವು. ನಾ ಹಾಡಿನ ನಡುವ ಸೀರಿ ಅಂಗಡಿ ಜಾಹೀರಾತು ಹಾಕ್ತೇನಿ, ಜನ ನನ್ನ ಅವ್ವನ್ನ ನೆನಸ್ತಾರ. ಕೈಗೆ ಸಿಕ್ಕಿದ್ರ ಅವನ್ನ ಕದೀತಿದ್ದೆ. ಕೆಡಸ್ತಿದ್ದಿಲ್ಲ."

ಗೋದಾಬಾಯಿ ಅದನ್ನು ನಂಬಿದಳು. ಕಳ್ಳತನದ ಆಸೆಯನ್ನು ಇಷ್ಟು ಸಲೀಸಾಗಿ ಒಪ್ಪಿಕೊಂಡವನಿಗೆ ಇನ್ನೊಂದು ಸುಳ್ಳಿನ ಅಗತ್ಯವಿರಲಿಲ್ಲ.

* * *

ಮಧ್ಯಾಹ್ನ ಎರಡು. ಮತ್ತೆ ಸಭಾಗೃಹ. ಭರತೇಶನ ಸೀಡಿ ಚೀಲಕ್ಕೆ ಐದು ಜೇಬು. ಉಳಿದ ಸೀಡಿ ಮೂರನೆಯ ಜೇಬಿನದು. ಅದರ ಮೇಲೆ ಬರೆದದ್ದು: ಕಾಳಿ ಎರಡು.

"ಗೀರಾವ ಅರ್ಧಕ್ಕ ಓಡಿ ಹೋಗಿದ್ರ ಕಡೀದು ಉಳೀಬೇಕಿತ್ತು," ಎಂದಳು ಗೋದಾಬಾಯಿ. "ನಡುವಿನದು ಉಳದೈತಿ. ಓದಿ ಓದಿ ಗೀರ್ಯಾನ. ಇದನ್ನ ಬೇಕಂತ ಬಿಟ್ಟಾನ. ಕಾಳಿ ಎರಡು ಯಾರದು?"

ಭರತೇಶ ಚೀಲದ ಜಿಪ್ ಎಳೆದ. "ಯಾರದೂ ಅಲ್ರಿ."

"ಕಾರ್ಯಕ್ರಮದ ಹಾಳಿ ತೋರ್ಸು."

ಒಂಬತ್ತು ಹಾಡುಗಾರರು. ಎದುರಿಗೆ ಅವರವರ ಪಟ್ಟಿ. ಅವಳು ಎರಡು ಸಲ ಓದಿದಳು. ನಿಜ, ಕಾಳಿ ಎರಡರಲ್ಲಿ ಹಾಡುವವರು ಒಬ್ಬರೂ ಇಲ್ಲ.

"ಯಾರೂ ಹಾಡದ ಪಟ್ಟಿಗೆ ಸೀಡಿ ಯಾಕ ಮಾಡಿಸಿದಿ?"

"ಇರ್ಲಿ ಅಂತ."

ಅವನ ಕೊರಳು ಬೆವರಿತ್ತು. ಫ್ಯಾನು ತಲೆಯ ಮೇಲೇ ತಿರುಗುತ್ತಿತ್ತು.

ಬೆಳಿಗ್ಗೆ ತಾಲೀಮಿಗೆ ಬಂದವರು ಮೂವರು. ಸಾಂಗಲಿಯಲ್ಲಿ ಮೈಕ್ ಹಿಡಿದು ನಿಂತವರೂ ಅದೇ ಮೂವರು. ಗೋದಾಬಾಯಿ ಒಬ್ಬೊಬ್ಬರನ್ನೇ ಕರೆದಳು. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದಳು. ನಿಮ್ಮ ಪಟ್ಟಿ ಯಾವುದು?

ಶಾಲೆಯ ಶಿಕ್ಷಕಿ ಹರ್ಷದಾ ನೇರವಾಗಿ ಹೇಳಿದಳು. "ಕಾಳಿ ನಾಲ್ಕು. ನೋಡ್ರಿ, ಸುಳ್ಳ ಹೇಳೂದಿಲ್ಲ. ಅವತ್ತ ಮನಿಗೆ ಹೋಗಿ ಅತ್ತೆ. ಮುಖ ಇಲ್ಲದ ಮನಷ್ಯಾಗ ಚಪ್ಪಾಳಿ, ರೇಷ್ಮಿ ಸೀರಿ ಉಟ್ಟು ನಿಂತಾಕಿಗೆ ಏನೂ ಇಲ್ಲ. ಆದ್ರ ಆ ಸೀಡಿ ಇಲ್ಲಂದ್ರ ನನಗ ಸ್ವರ ಸಿಗೂದಿಲ್ಲ. ನನ್ನ ಕೈಯಾರೆ ನನ್ನ ಕೋಲು ಮುರ್ಕೋಲೇನು?"

ಔಷಧ ಕಂಪನಿಯ ಅಭಿಜಿತ ಅವಳನ್ನು ಮರಾಠಿಯಲ್ಲಿ ಚಿಕ್ಕಮ್ಮ ಎಂದು ಕರೆದು, ತಡವರಿಸುವ ಕನ್ನಡಕ್ಕೆ ಬಂದ. "ಮಾವಶಿ, ಕನ್ನಡ ತಿಳೀತೈತಿ, ಮಾತಾಡಾಕ ಅಷ್ಟ ಬರೂದಿಲ್ಲ. ಕಾಳಿ ಒಂದು. ನನ್ನಕಿಂತ ಆ ಊದೂ ಬಾಜಾ ಚೊಲೋ ಐತಿ, ಅದಕ್ಕ ನಾ ಏನ ಮಾಡ್ಲಿ."

ಮೂರನೆಯವರು ಬಾಹುಬಲಿ ಶೇಠ. ಕುಪವಾಡದ ಕೈಗಾರಿಕಾ ವಸಾಹತು ಎಂಐಡಿಸಿಯಲ್ಲಿ ದ್ರಾಕ್ಷಿಗೆ ಔಷಧ ಹೊಡೆಯುವ ಪಂಪಿನ ಕಾರ್ಖಾನೆ. ಸಭಾಗೃಹದ ಬಾಡಿಗೆ, ಪೋಸ್ಟರು, ಹೂವಿನ ಹಾರ ಎಲ್ಲ ಅವರದೇ. ಪೋಸ್ಟರಿನಲ್ಲಿ ಅವರ ಮುಖ ಮೊಳದುದ್ದ ಇತ್ತು.

"ಕಾಳಿ ಎರಡು," ಎಂದರು. "ಮೂಲ ಹಾಡಿನ ಪಟ್ಟಿ. ಉಳದವ್ರು ಇಳಿಸಿ ಇಳಿಸಿ ಹಾಡ್ತಾರ. ನಾ ಒಂದ ಮನಿ ಇಳಿಸಿಲ್ಲ. ಯಾಕ ಕೇಳ್ತೀರಿ?"

"ಹಂಗ ಕೇಳಿದೆ ಅಣ್ಣಾರ. ಸ್ವಲ್ಪ ತಡೀರಿ."

* * *

ಮೂರೂವರೆಗೆ ಎಲ್ಲರೂ ವೇದಿಕೆಯ ಮೇಲಿದ್ದರು. ಗೋದಾಬಾಯಿ ಕರಾವೋಕೆ ಯಂತ್ರದ ಮುಂದೆ ನಿಂತಳು. ಅದರಲ್ಲೊಂದು ಗುಂಡಿಯಿತ್ತು. ಒತ್ತಿದರೆ ಹಾಡಿನ ಪಟ್ಟಿ ಮೇಲೇರುತ್ತದೆ, ಕೆಳಗಿಳಿಯುತ್ತದೆ.

"ಭರತೇಶ, ಶೇಠರ ಹಾಡು ಹಚ್ಚು. ಈ ಗುಂಡಿ ಮುಟ್ಟಬ್ಯಾಡ."

ಭರತೇಶ ಕದಲಲಿಲ್ಲ.

"ಹಚ್ಚೋ," ಎಂದರು ಬಾಹುಬಲಿ. "ಬಾಯಿಗೂ ಕೇಳಿಸೋಣ."

ಹಾಡು ಶುರುವಾಯಿತು. ಮೊದಲ ಸಾಲು ಹೇಗೋ ದಾಟಿತು. ಎರಡನೆಯದಕ್ಕೆ ಕೊರಳ ನರ ಎದ್ದಿತು. ಸ್ವರ ಮೇಲೇರಿದಾಗ ಶೇಠರ ದನಿ ಹರಿದ ಗೋಣಿಚೀಲದಂತೆ ಬಿಚ್ಚಿಕೊಂಡಿತು. ಮೈಕು ಅದನ್ನು ಸಭಾಗೃಹದ ಮೂಲೆಮೂಲೆಗೂ ಹಂಚಿತು. ಅಭಿಜಿತ ಬೇರೆ ಕಡೆ ನೋಡಿದ.

"ಮಷೀನ್ ಕೆಟ್ಟೈತಿ," ಎಂದರು ಶೇಠರು.

"ಮಷೀನ್ ಇವತ್ತ ಖರೆ ಹೇಳಾಕತ್ತೈತಿ ಅಣ್ಣಾರ." ಗೋದಾಬಾಯಿ ಹಾಳೆ ಮುಂದೆ ಹಿಡಿದಳು. "ಇದರಾಗ ನಿಮ್ಮ ಹೆಸರಿನ ಮುಂದ ಪಾಂಢರಿ ಒಂದು ಅಂತೈತಿ. ಮೂರು ಮನಿ ಕೆಳಗ. ಎಷ್ಟು ದಿನದಿಂದ ಇಳಿಸ್ತಿ, ಭರತೇಶ?"

ಭರತೇಶ ಹಾಡು ನಿಲ್ಲಿಸಿದ. "ಮೊದಲನೇ ಕಾರ್ಯಕ್ರಮದಿಂದ್ರಿ. ಅವ್ರಿಗೆ ಹೇಳಲಿಲ್ಲ. ಹೇಳಿದ್ರ ನನ್ನ ಬಿಡ್ತಿದ್ರು. ಚೀಲದಾಗ ನೋಡಿದ್ರ ಇರ್ಲಿ ಅಂತ ಕಾಳಿ ಎರಡರದೊಂದು ಸೀಡಿ ಇಟ್ಟಿದ್ದೆ. ಹಾಕೂದು ಮಾತ್ರ ಪಾಂಢರಿ ಒಂದು."

ಗೋದಾಬಾಯಿ ಉಳಿದವರ ಕಡೆ ತಿರುಗಿದಳು. "ಗೀರಾವ ಒಂದು ಸೀಡಿ ಉಳಿಸಿದ. ಯಾಕ? ತನ್ನ ಹಾಡಿಗೆ ಮುಂಚೆ ಅದು ಬೇಕಂತ. ಉಳದವ್ರು ಇವತ್ತ ತಪ್ಪಿ ತಪ್ಪಿ ಹಾಡ್ಲಿ, ತಾನೊಬ್ಬಾವ ಮೆರೀಲಿ ಅಂತ. ಆದ್ರ ಉಳಿಸಿದ್ದು ಯಾರಿಗೂ ಉಪಯೋಗಿಲ್ಲದ್ದು. ಹರ್ಷದಾಬಾಯಿಗೆ ತನ್ನ ಪಟ್ಟಿ ಗೊತ್ತೈತಿ, ಅಭಿಜಿತಗ ಗೊತ್ತೈತಿ. ತಮ್ಮಣ್ಣ ಕಾಕಾನ ಕಿವಿಗೆ ಎಲ್ಲಾರದೂ ಗೊತ್ತೈತಿ. ಕಾಳಿ ಎರಡು ತನ್ನ ಪಟ್ಟಿ ಅಂತ ನಂಬಿದವ್ರು ಈ ಇಡೀ ಊರಾಗ ಒಬ್ಬರೇ. ತನ್ನ ದನಿ ತನಗೇ ಗೊತ್ತಿಲ್ಲದಾವ್ರು."

ಬಾಹುಬಲಿ ಮೈಕನ್ನು ಕೆಳಗಿಡಲಿಲ್ಲ. ಆಮೇಲೆ ಹೇಳಿದ್ದೆಲ್ಲ ಮೈಕಿನಲ್ಲೇ ಕೇಳಿಸಿತು.

"ಮೂವತ್ತು ವರ್ಷದ ಹಿಂದ ಗಿರಣಿ ಗಣಪತಿಗೆ ಹಾಡಾಕ ಹೋಗಿದ್ದೆ. ನಿಮ್ಮ ಆ ಕಾಕಾ ಬಾಜಾ ಬಾಯಿಂದ ತಗದು, ತಮ್ಮಾ, ಸ್ವರ ಸಿಗವೊಲ್ದು, ಮುಂದಿನ ವರ್ಷ ಬಾ ಅಂದ. ಎಲ್ಲಾರ ಮುಂದ. ಮುಂದಿನ ವರ್ಷ ನಾ ಹೋಗಲಿಲ್ಲ. ಕಾರ್ಖಾನಿ ಕಟ್ಟಿದೆ. ಅವನ ಗಿರಣಿ ಮುಚ್ಚಿತು, ನಂದು ಬೆಳೀತು. ಹಾಲ್ ನಂದು, ಪೋಸ್ಟರ್ ನಂದು. ಆದ್ರೂ ವನ್ಸ್ ಮೋರ್ ಅವಗ. ಕೂಲಿಯವಗ. ಅವನೇನು ಅಲ್ಲಿ ಇದ್ನೇನು? ಇರ್ಲೇ ಇಲ್ಲ."

* * *

ಠಾಣೆಯಲ್ಲಿ ಶೇಠರಿಗೆ ಕುರ್ಚಿ ಬಂತು, ಚಹಾ ಬಂತು. ಸೀಡಿ ಕೆಟ್ಟದ್ದಕ್ಕೆ ಇಷ್ಟು ದೊಡ್ಡವರ ಮೇಲೆ ಕೇಸು ಯಾಕೆ, ರಾಜಿ ಮಾಡಿಕೊಳ್ಳಿ ಎಂದ ಫೌಜದಾರ. ಬೆಳಿಗ್ಗೆ ಇದೇ ಸೀಡಿಗೆ ಒಬ್ಬ ಮುದುಕನನ್ನು ಜೀಪಿಗೆ ಹಾಕಿದ್ದು ಅವನಿಗೆ ಮರೆತಿತ್ತು. ಗೋದಾಬಾಯಿ ಮರೆಯಲಿಲ್ಲ. ಯಾರನ್ನೂ ಕೇಳದೆ ಶೇಠರ ಮೇಲೆ ದೂರು ಬರೆದು, ಭರತೇಶನ ಸಹಿ ಹಾಕಿಸಿ, ಠಾಣೆಯ ಮುದ್ರೆ ಒತ್ತಿದಳು.

ಅಂಗಳದಲ್ಲಿ ಭರತೇಶ ತಮ್ಮಣ್ಣನ ಕೈ ಹಿಡಿದ. "ಕಾಕಾ, ತಪ್ಪಾತು. ನಡುವ ಹಾಕಾಕ ಏನೂ ಉಳದಿಲ್ಲ. ಪರದೆ ಹಿಂದ ಕುಂತು ನುಡಿಸ್ರಿ."

"ಜೀಪ್ ಬಂದಾಗ ನಿನ್ನ ಬಾಯಿಗೆ ಏನಾಗಿತ್ತು?"

ಭರತೇಶ ಕೈ ಬಿಟ್ಟ.

"ಮುಂದ ಕುರ್ಚಿ ಹಾಕು. ಮೈಕಿನ್ಯಾಗ ಹೆಸರು ಹೇಳು. ಬರ್ತೇನಿ. ಇಲ್ಲಂದ್ರ ಮಾಧವನಗರದ ರಿಕ್ಷಾ ಹಿಡೀತೇನಿ."

"ಹಾಡಾವ್ರು ಸಿಟ್ಟಾಗ್ತಾರ ಕಾಕಾ."

"ಆಗ್ಲಿ. ನನಗೂ ಹನ್ನೆರಡು ವರ್ಷದಿಂದ ಸಿಟ್ಟೈತಿ. ಅದಕ್ಕ ನಾ ಸತ್ನೇನು?"

ಸಂಜೆ ಆರೂಕಾಲು. ಅಭಿಜಿತ ಹಾಡಿ ಇಳಿದ. ಭರತೇಶ ಮೈಕಿಗೆ ಬಂದು ಮೊದಲು ಮರಾಠಿಯಲ್ಲಿ, ಆಮೇಲೆ ಕನ್ನಡದಲ್ಲಿ ಹೆಸರು ಹೇಳಿದ. ವೇದಿಕೆಯ ನಟ್ಟನಡುವಿನ ಕುರ್ಚಿಯಲ್ಲಿ ತಮ್ಮಣ್ಣ ಕೂತ. ಅಂಗಿಯ ಒಂದು ಗುಂಡಿ ಹೋಗಿತ್ತು. ಬಾಗಿಲ ಬಳಿ ಬಂದೋಬಸ್ತಿಗೆ ನಿಂತ ಗೋದಾಬಾಯಿಗೂ ಅದು ಕಾಣಿಸಿತು.

ಅವನು ಹರ್ಷದಾಳ ಪಟ್ಟಿಯಲ್ಲಿ ಊದಲು ಶುರುಮಾಡಿದ. ಅವಳು ಮೈಕ್ ಹಿಡಿದು ಬಂದು ನಿಂತಳು. ಒಂದು ನಿಮಿಷವಾಯಿತು. ಅವನು ನಿಲ್ಲಿಸಲಿಲ್ಲ. ಎರಡಾಯಿತು. ಭರತೇಶ ಯಂತ್ರದ ಹಿಂದಿನಿಂದ ಕೈಸನ್ನೆ ಮಾಡಿದ. ತಮ್ಮಣ್ಣ ಕಣ್ಣು ಮುಚ್ಚಿಕೊಂಡ.

ಹರ್ಷದಾ ಹಾಡಲೆಂದು ಮೈಕ್ ಎತ್ತಿದಳು, ಇಳಿಸಿದಳು. ಆಮೇಲೆ ಮೈಕನ್ನು ಬದಿಗಿಟ್ಟು, ರೇಷ್ಮೆ ಸೀರೆಯನ್ನು ಒಟ್ಟುಮಾಡಿಕೊಂಡು, ಮೆಟ್ಟಿಲ ಮೇಲೆ ಕೇಳುತ್ತ ಕೂತಳು.